ಏಳನೆಯ ಅಧ್ಯಾಯದಲ್ಲಿ ಮುಚ್ಚಿದ ಪುಸ್ತಕ

ಕೆಲವು ಪುಸ್ತಕಗಳನ್ನು ಓದುಗರು ಯಾವ ಪುಟದಲ್ಲಿ ಮುಚ್ಚಿದರೆಂದು ನಿಖರವಾಗಿ ಹೇಳಬಹುದು. ಅಮೆರಿಕದ ಲೇಖಕ ಸ್ಟೀಫನ್ ಆರ್. ಡೊನಾಲ್ಡ್‌ಸನ್ ಅವರ ‘ಲಾರ್ಡ್ ಫೌಲ್ಸ್ ಬೇನ್’ ಅಂಥದೊಂದು ಕಾದಂಬರಿ. 1977ರಲ್ಲಿ ಪ್ರಕಟವಾದ ಈ ಫ್ಯಾಂಟಸಿ ಸಾಹಸಕಥೆಯ ಏಳನೆಯ ಅಧ್ಯಾಯದ ಹೆಸರು ‘ಲೀನಾ’. ತನಗೆ ದಾರಿ ತೋರಿಸಿ, ಊರಿಗೆ ಕರೆತಂದು, ಗೌರವದಿಂದ ನಡೆಸಿಕೊಂಡ ಹದಿಹರೆಯದ ಹುಡುಗಿಯ ಮೇಲೆ ಕಥಾನಾಯಕನು ಆ ಅಧ್ಯಾಯದಲ್ಲಿ ಅತ್ಯಾಚಾರವೆಸಗುತ್ತಾನೆ. ಅಲ್ಲಿಯೇ ಪುಸ್ತಕವನ್ನು ಕೆಳಗಿಟ್ಟು ಮತ್ತೆ ಮುಟ್ಟದ ಓದುಗರು ಅಂದಿನಿಂದ ಇಂದಿನವರೆಗೂ ಇದ್ದಾರೆ. ಅದನ್ನು ದಾಟಿ, 2013ರಲ್ಲಿ ಮುಗಿದ ಹತ್ತನೆಯ ಸಂಪುಟದವರೆಗೂ ಆ ನಾಯಕನೊಡನೆ ನಡೆದವರೂ ಇದ್ದಾರೆ. ನಾವು ಇಲ್ಲಿ ವಿಚಾರಿಸಹೊರಟಿರುವುದು ಕಾದಂಬರಿಯನ್ನು ಎನ್ನುವುದಕ್ಕಿಂತ ಈ ಎರಡು ಪಂಗಡಗಳ ಜಗಳವನ್ನು. ಅದು ಪಾಪ, ಪಶ್ಚಾತ್ತಾಪ, ಕ್ಷಮೆಗಳ ಕುರಿತಾದ ಜಗಳ. ಈ ಮಾತುಗಳನ್ನು ಪ್ರತಿ ಭಾನುವಾರ ಉಚ್ಚರಿಸುವವರು ನಾವಾದ್ದರಿಂದ ಅದನ್ನು ದೂರದಿಂದ ನೋಡಿ ಸುಮ್ಮನಿರಲಾಗದು.

ಲೇಖಕರ ಬಾಲ್ಯಕ್ಕೂ ನಮ್ಮ ದೇಶಕ್ಕೂ ನಂಟಿದೆ. ಡೊನಾಲ್ಡ್‌ಸನ್ ಮೂರನೆಯ ವಯಸ್ಸಿನಿಂದ ಹದಿನಾರರವರೆಗೆ ಭಾರತದಲ್ಲಿ ಬೆಳೆದವರು. ಕೊಡೈಕನಾಲ್‌ನ ಮಿಷನರಿ ಶಾಲೆಯಲ್ಲಿ ಓದಿದವರು. ತಂದೆ ಮಿಷನರಿ ವೈದ್ಯರು, ಮೂಳೆ ಶಸ್ತ್ರಚಿಕಿತ್ಸಕರು. ಕುಷ್ಠರೋಗಿಗಳ ನಡುವೆ ದುಡಿದವರು. ಆ ತಂದೆ ಕುಷ್ಠದ ಬಗ್ಗೆ ಮಾಡಿದ ಭಾಷಣವೊಂದನ್ನು ಕೇಳುತ್ತಿರುವಾಗಲೇ ಥಾಮಸ್ ಕವೆನೆಂಟ್ ಎಂಬ ನಾಯಕನ ಕಲ್ಪನೆ ಮೂಡಿತೆಂದು ಲೇಖಕರೇ ಹೇಳಿಕೊಂಡಿದ್ದಾರೆ. ಪುಸ್ತಕವನ್ನು ಅರ್ಪಿಸಿರುವುದೂ ತಂದೆಗೇ. ನಾಯಕನ ಹೆಸರಿನ ಎರಡನೆಯ ಭಾಗಕ್ಕೆ ನಮ್ಮ ಬೈಬಲಿನ ಮಾತು ‘ಒಡಂಬಡಿಕೆ’. ಮೊದಲ ಭಾಗ ಸಂದೇಹಪಟ್ಟ ಅಪೊಸ್ತಲನದು. ಅವನು ತನಗೆ ತಾನೇ ಕೊಟ್ಟುಕೊಳ್ಳುವ ಬಿರುದು ‘ನಂಬದವನು’.

ಕಥೆಯನ್ನು ಅಗತ್ಯವಿರುವಷ್ಟೇ ಹೇಳುತ್ತೇವೆ. ಕವೆನೆಂಟನು ಹೆಸರಾದ ಬರಹಗಾರ. ಕುಷ್ಠದಿಂದ ಬಲಗೈಯ ಎರಡು ಬೆರಳುಗಳನ್ನು ಕಳೆದುಕೊಳ್ಳುತ್ತಾನೆ. ಲೂಸಿಯಾನದ ಕುಷ್ಠಾಶ್ರಮದಿಂದ ಮನೆಗೆ ಹಿಂದಿರುಗುವಷ್ಟರಲ್ಲಿ ಹೆಂಡತಿ ಜೋನ್ ಹಸುಗೂಸಿನೊಂದಿಗೆ ಹೊರಟುಹೋಗಿ ವಿಚ್ಛೇದನ ಪಡೆದಿದ್ದಾಳೆ. ಊರಿನವರು ಅವನ ಟೆಲಿಫೋನ್ ಬಿಲ್ಲನ್ನು ತಾವೇ ಕಟ್ಟಿಬಿಡುತ್ತಾರೆ. ಅದು ಔದಾರ್ಯವಲ್ಲ, ಬಿಲ್ಲು ಕಟ್ಟುವ ನೆಪದಲ್ಲಿಯೂ ಅವನು ಊರೊಳಗೆ ಕಾಲಿಡದಿರಲೆಂಬ ಉಪಾಯ. ಹಟ ಹಿಡಿದು ಊರಿಗೆ ನಡೆದವನು ರಸ್ತೆಯಲ್ಲಿ ಪೊಲೀಸ್ ಕಾರಿನ ಮುಂದೆ ಬಿದ್ದು, ‘ಲ್ಯಾಂಡ್’ ಎಂಬ ಬೇರೊಂದು ನಾಡಿನಲ್ಲಿ ಎಚ್ಚರಗೊಳ್ಳುತ್ತಾನೆ. ಅಲ್ಲಿ ಅವನ ಮದುವೆಯುಂಗುರದ ಬಿಳಿಚಿನ್ನವು ಮಹಾಶಕ್ತಿ. ಅಲ್ಲಿನ ಒಂದು ಬಗೆಯ ಮಣ್ಣು ಅವನ ಸತ್ತ ನರಗಳಿಗೆ ಸ್ಪರ್ಶವನ್ನು ಮರಳಿ ಕೊಡುತ್ತದೆ. ಇದೆಲ್ಲ ಕನಸು ಎಂದು ಅವನ ವಾದ. ನಂಬಿದರೆ ಎಚ್ಚರಿಕೆ ತಪ್ಪುತ್ತದೆ, ಎಚ್ಚರಿಕೆ ತಪ್ಪಿದರೆ ಕುಷ್ಠ ತನ್ನನ್ನು ಕೊಲ್ಲುತ್ತದೆ ಎಂಬುದು ಅವನ ಭಯ. ಲೀನಾಳ ಮೇಲಿನ ಅಪರಾಧ ನಡೆಯುವುದು ಹೀಗೆ ಸ್ಪರ್ಶ ಮರಳಿದ ಕೆಲವೇ ಹೊತ್ತಿನಲ್ಲಿ.

ಈ ಪುಸ್ತಕದ ಮೇಲಿನ ಹಗುರವಾದ ದೂರುಗಳನ್ನು ಬೇಗ ಮುಗಿಸೋಣ. ಉಂಗುರ, ದೈತ್ಯರು, ಕತ್ತಲೆಯ ಒಡೆಯ ಎಲ್ಲವೂ ಟೋಲ್ಕಿನ್ನರಿಂದ ತಂದವು ಎನ್ನುವವರಿದ್ದಾರೆ, ಅರ್ಧ ನಿಜ. ನಿಘಂಟಿನ ಮೂಲೆಯಿಂದ ಹೆಕ್ಕಿದ ಪದಗಳ ಭಾರವನ್ನು ಸಹಿಸಲಾರೆವು ಎನ್ನುವವರಿದ್ದಾರೆ. ವಿಮರ್ಶಕ ನಿಕ್ ಲೋ 1986ರ ಪ್ರಬಂಧವೊಂದರಲ್ಲಿ ಒಂದು ಆಟವನ್ನೇ ವರ್ಣಿಸಿದರು: ಆಟಗಾರರೆಲ್ಲ ಡೊನಾಲ್ಡ್‌ಸನ್ನರ ಒಂದೊಂದು ಸಂಪುಟವನ್ನು ಹಿಡಿದು ಎಲ್ಲಿಯಾದರೂ ತೆರೆಯಬೇಕು, ‘ಕ್ಲೆಂಚ್’ ಎಂಬ ಪದ ಮೊದಲು ಯಾರಿಗೆ ಸಿಗುವುದೋ ಅವರು ಗೆದ್ದಂತೆ. ನಾವೂ ಆಡಿ ನೋಡಿದೆವು. ಆಟ ಬಹಳ ಹೊತ್ತು ನಡೆಯಲಿಲ್ಲ. ಇಷ್ಟಾದರೂ 1979ರಲ್ಲಿ ಹೊಸ ಲೇಖಕರಿಗೆ ಕೊಡುವ ಜಾನ್ ಡಬ್ಲ್ಯೂ. ಕ್ಯಾಂಪ್‌ಬೆಲ್ ಪ್ರಶಸ್ತಿ ಇವರಿಗೆ ಬಂತು.

ಗಂಭೀರವಾದ ಅಭಿಪ್ರಾಯಗಳಲ್ಲಿ ಮೊದಲನೆಯದು ಅನುಕಂಪದ್ದು. ರೋಗಿ, ಬಹಿಷ್ಕೃತ, ಹೆಂಡತಿ ತೊರೆದವನು, ವರ್ಷಗಳ ಬಳಿಕ ಒಮ್ಮೆಲೇ ದೇಹಕ್ಕೆ ಜೀವ ಬಂದವನು. ಅಂಥವನು ಮಾಡಿದ್ದನ್ನು ಅರ್ಥಮಾಡಿಕೊಳ್ಳಬೇಕು ಎನ್ನುವ ಓದು ಇದು. ಇದನ್ನು ನಾವು ಒಪ್ಪಲಾರೆವು. ಯಾಜಕಕಾಂಡದ 13 ಮತ್ತು 14ನೆಯ ಅಧ್ಯಾಯಗಳಲ್ಲಿ ಹೇಳಿರುವ ಚರ್ಮದ ಅಶುದ್ಧತೆಯೂ ಹ್ಯಾನ್ಸನ್ ಅವರು 1873ರಲ್ಲಿ ಸೂಕ್ಷ್ಮಾಣುವನ್ನು ಕಂಡುಹಿಡಿದ ರೋಗವೂ ಒಂದೇ ಅಲ್ಲವೆಂದು ನಾವು ತರಗತಿಗಳಲ್ಲಿ ಕಲಿಸುತ್ತೇವೆ. ಹಾಗಿದ್ದರೂ ಎರಡಕ್ಕೂ ಒಂದೇ ಹೆಸರಿಟ್ಟು ರೋಗಕ್ಕೆ ಪಾಪದ ಬಣ್ಣ ಬಳಿದ ಹೊಣೆಯಲ್ಲಿ ಸಭೆಯ ಪಾಲೂ ಇದೆ. ರೋಗಿಗಳ ಬೆರಳುಗಳು ಕೊಳೆತು ಉದುರುವುದಿಲ್ಲ, ನೋವು ತಿಳಿಯದ ಕಾರಣ ಗಾಯಗೊಂಡು ನಾಶವಾಗುತ್ತವೆ ಎಂದು ವೆಲ್ಲೂರಿನಲ್ಲಿ ಡಾ. ಪಾಲ್ ಬ್ರ್ಯಾಂಡ್ ತೋರಿಸಿಕೊಟ್ಟರು. ಕವೆನೆಂಟನು ಗಳಿಗೆಗೊಮ್ಮೆ ಕೈಕಾಲುಗಳನ್ನು ಕಣ್ಣಿನಿಂದ ಪರೀಕ್ಷಿಸಿಕೊಳ್ಳುವ ಶಿಸ್ತಿನ ಹಿಂದೆ ಇರುವುದು ಈ ತಿಳುವಳಿಕೆಯೇ, ಮತ್ತು ಕಾದಂಬರಿಯ ಅತ್ಯಂತ ಸತ್ಯವಾದ ಪುಟಗಳು ಅವೇ. ಆದರೆ ರೋಗದಿಂದ ಕಳೆದುಕೊಂಡದ್ದು ಬೆರಳಿನ ಸಂವೇದನೆಯನ್ನು, ಮನಸ್ಸಾಕ್ಷಿಯನ್ನಲ್ಲ. ‘ಕುಷ್ಠರೋಗಿಯಾದ್ದರಿಂದ ಹಾಗೆ ಮಾಡಿದ’ ಎನ್ನುವ ಓದುಗನು ಕರುಣೆಯ ಹೆಸರಿನಲ್ಲಿ ಹಳೆಯ ಕಳಂಕವನ್ನೇ ಮರಳಿ ಹಚ್ಚುತ್ತಾನೆ. ಜೋನಳ ವಿಚ್ಛೇದನವನ್ನು ಓದಿ ಅಮೆರಿಕದವರ ಕಠೋರತೆಗೆ ಮರುಗುವ ಮೊದಲು ನಾವು ನೆನೆಯಬೇಕಾದ ಸಂಗತಿಯೊಂದಿದೆ: ಭಾರತದ ಕ್ರೈಸ್ತರಿಗೆ ಅನ್ವಯಿಸುವ 1869ರ ವಿಚ್ಛೇದನ ಕಾಯಿದೆಯಲ್ಲಿ ಕುಷ್ಠವನ್ನು ವಿಚ್ಛೇದನದ ಕಾರಣವೆಂದು 2001ರಲ್ಲಿ ಸೇರಿಸಲಾಯಿತು; ಅದನ್ನು ತೆಗೆದುಹಾಕಿದ್ದು 2019ರಲ್ಲಿ. ಆ ವೇಳೆಗೆ ಔಷಧದಿಂದ ಗುಣವಾಗುವ ರೋಗವೆಂದು ತಿಳಿದು ದಶಕಗಳೇ ಕಳೆದಿದ್ದವು.

ಎರಡನೆಯದು ಕನಸಿನ ವಾದ. ನಾಯಕನ ದೃಷ್ಟಿಯಲ್ಲಿ ಆ ನಾಡೇ ಸುಳ್ಳಾದರೆ ಲೀನಾಳೂ ಸುಳ್ಳು, ಅಪರಾಧವೂ ಸುಳ್ಳು ಎಂದು ಇವರು ವಾದಿಸುತ್ತಾರೆ. ದೇವಜ್ಞಾನದ ವಿದ್ಯಾರ್ಥಿಗಳಿಗೆ ಈ ಪ್ರಶ್ನೆ ಹೊಸದಲ್ಲ. ಹಿಪ್ಪೋವಿನ ಅಗಸ್ತೀನನು ‘ನಿವೇದನೆಗಳು’ ಗ್ರಂಥದ ಹತ್ತನೆಯ ಭಾಗದಲ್ಲಿ ತನ್ನ ಕನಸುಗಳನ್ನು ದೇವರ ಮುಂದೆ ಹರವಿ, ನಿದ್ರಿಸುವಾಗ ನಾನು ನಾನಲ್ಲವೇ ಎಂದು ಚಡಪಡಿಸುತ್ತಾನೆ. ಮಾಡದ ಕೃತ್ಯಕ್ಕೂ ಮಾಡಿದ ಕೃತ್ಯಕ್ಕೂ ಅಂತರವಿದೆಯೆಂದು ಅವನು ಬಲ್ಲ, ಆದರೂ ದುಃಖಪಡುತ್ತಾನೆ. ಬೆಟ್ಟದ ಮೇಲಿನ ಪ್ರಸಂಗವಂತೂ ಹೃದಯದಲ್ಲಿ ನಡೆದುದನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಕಾದಂಬರಿಯೂ ಇಲ್ಲಿ ತನ್ನ ನಾಯಕನ ಪರ ನಿಲ್ಲುವುದಿಲ್ಲ ಎಂಬುದನ್ನು ಮೆಚ್ಚಲೇಬೇಕು. ಲೀನಾಳ ತಾಯಿ ಆಟಿಯಾರನ್ ಅವನಿಗೆ ದಾರಿ ತೋರಿಸಲು ಹೊರಡುತ್ತಾಳೆ. ಮಗಳಿಗೆ ಏನಾಯಿತೆಂದು ದಾರಿಯಲ್ಲಿ ತಿಳಿಯುತ್ತದೆ. ಕೊಲ್ಲುವ ಕೋಪವಿದ್ದರೂ ಶಾಂತಿಯ ಪ್ರತಿಜ್ಞೆಗೂ ನಾಡಿನ ಹಿತಕ್ಕೂ ಕಟ್ಟುಬಿದ್ದು ಅವನೊಡನೆ ಮುಂದೆ ನಡೆಯುತ್ತಾಳೆ. ಅಷ್ಟು ದೂರದ ಆ ನಡಿಗೆಯನ್ನು ಕನಸೆಂದು ಓದಲು ಕಲ್ಲೆದೆ ಬೇಕು.

ಮೂರನೆಯ ಪಂಗಡ ನಮ್ಮವರದು, ಅದಕ್ಕಾಗಿಯೇ ಅದರ ಮೇಲೆ ಹೆಚ್ಚು ನಿಷ್ಠುರವಾಗಿರುತ್ತೇವೆ. ಕ್ರೈಸ್ತ ಓದುಗರಲ್ಲಿ ಹಲವರು ಈ ಕಾದಂಬರಿಯನ್ನು ವಿಮೋಚನೆಯ ಕಥೆಯೆಂದು ಹೊಗಳುತ್ತಾರೆ: ಮಹಾಪಾಪಿಯೊಬ್ಬನು ಕೊನೆಗೆ ಒಂದು ನಾಡನ್ನೇ ರಕ್ಷಿಸುತ್ತಾನೆ, ಕೃಪೆಗೆ ಎಟುಕದವರಿಲ್ಲ ಎಂಬುದು ಅವರ ಮಾತು. ಅಂತಿಮ ವರ್ಷದ ವಿದ್ಯಾರ್ಥಿಗಳೊಂದಿಗೆ ನಾವು ಮೊದಲ ಮೂರು ಸಂಪುಟಗಳನ್ನು ಓದಿದಾಗ ಒಬ್ಬ ಸೋದರನು ಹೀಗೆಯೇ ಹೇಳಿ ದಾವೀದನನ್ನು ಉದಾಹರಿಸಿದನು. ಏಳನೆಯ ಅಧ್ಯಾಯದಲ್ಲಿ ಪುಸ್ತಕ ಮುಚ್ಚಿದ್ದ ಸೋದರಿಯೊಬ್ಬಳು ಅಲ್ಲಿಯವರೆಗೆ ಮಾತಾಡಿರಲಿಲ್ಲ. ‘ತಾಮಾರಳ ಅಧ್ಯಾಯವನ್ನು ಯಾರೂ ಪ್ರಸ್ತಾಪಿಸಲಿಲ್ಲವಲ್ಲ’ ಎಂದಷ್ಟೇ ಅಂದಳು.

ಅವಳ ಮಾತು ನಮ್ಮ ಓದನ್ನೇ ತಿರುಗಿಸಿತು. ದಾವೀದನ ಪಾಪವನ್ನು ನಾತಾನನು ಬಯಲಿಗೆಳೆಯುತ್ತಾನೆ, ದಾವೀದನು ಒಪ್ಪಿಕೊಳ್ಳುತ್ತಾನೆ, ಕ್ಷಮೆಯ ಮಾತು ಬರುತ್ತದೆ. ಆದರೆ ಬತ್ಷೆಬೆಯನ್ನು ಯಾರೂ ಏನನ್ನೂ ಕೇಳುವುದಿಲ್ಲ. ಮುಂದಿನ ಅಧ್ಯಾಯದಲ್ಲಿಯೇ, ಅಂದರೆ ಎರಡನೆಯ ಸಮುವೇಲ 13ರಲ್ಲಿ, ಅವನ ಮಗಳು ತಾಮಾರಳ ಮೇಲೆ ಅಮ್ನೋನನು ಬಲಾತ್ಕಾರ ಮಾಡುತ್ತಾನೆ. ದಾವೀದನು ಸಿಟ್ಟಾಗುತ್ತಾನೆ, ಮತ್ತೇನೂ ಮಾಡುವುದಿಲ್ಲ. ಅವಳು ಅಣ್ಣನ ಮನೆಯಲ್ಲಿ ಒಂಟಿಯಾಗಿ ಉಳಿಯುತ್ತಾಳೆ. ಐವತ್ತೊಂದನೆಯ ಕೀರ್ತನೆಯನ್ನು ತಪಸ್ಸುಕಾಲದಲ್ಲಿ ಪಠಿಸುವ ನಾವು ತಾಮಾರಳ ಅಧ್ಯಾಯವನ್ನು ಪ್ರಸಂಗಪೀಠದಿಂದ ಎಷ್ಟು ಸಲ ಓದಿದ್ದೇವೆ?

ಇಷ್ಟು ಹೇಳಿದ ಮೇಲೆ ಪುಸ್ತಕ ಮುಚ್ಚಿದವರು ತಪ್ಪಿಸಿಕೊಂಡದ್ದನ್ನೂ ಹೇಳಬೇಕು. ಮೊದಲ ಸಂಪುಟದಲ್ಲಿ ರಾನಿಹಿನ್ ಎಂಬ ಮಹಾ ಅಶ್ವಗಳು ಕವೆನೆಂಟನ ಮುಂದೆ ಭಯದಿಂದ ಮುಂಗಾಲೆತ್ತಿ ನಿಲ್ಲುವ ಸನ್ನಿವೇಶವಿದೆ. ಅವುಗಳಲ್ಲೊಂದು ವರ್ಷಕ್ಕೊಮ್ಮೆ ಲೀನಾಳನ್ನು ನೋಡಿಬರಬೇಕೆಂದು ಅವನು ಕೇಳಿಕೊಳ್ಳುತ್ತಾನೆ. ಆ ಕುದುರೆಗಳೆಂದರೆ ಅವಳಿಗೆ ಪ್ರಾಣವೆಂದು ಅವನು ಬಲ್ಲ. ಪಶ್ಚಾತ್ತಾಪದ ಮೊದಲ ಹೆಜ್ಜೆಯೆಂದು ಇದನ್ನು ಹೊಗಳುವವರು ಬಹಳ. ನಮಗೆ ಕಂಡದ್ದು ಬೇರೆ. ಊರಿನವರು ಅವನ ಬಿಲ್ಲು ಕಟ್ಟಿದ್ದೇಕೆ? ಅವನ ಮುಖ ನೋಡದಿರಲು. ಅವನು ಕುದುರೆ ಕಳುಹಿಸುವುದೇಕೆ? ಅವಳ ಮುಖ ನೋಡದಿರಲು. ತನ್ನನ್ನು ಮನುಷ್ಯರ ಲೆಕ್ಕದಿಂದ ಹೊರಗಿಟ್ಟ ಅದೇ ಉಪಾಯವನ್ನು ಅವನು ಹೆಚ್ಚು ಸುಂದರವಾದ ರೂಪದಲ್ಲಿ ಲೀನಾಳ ಮೇಲೆ ಪ್ರಯೋಗಿಸುತ್ತಾನೆ. ಬೇರೆಯವರ ಕಾಲಿನಿಂದ ನಡೆದ ಪ್ರಾಯಶ್ಚಿತ್ತವಿದು. ಸಹೋದರನಿಗೆ ನಿನ್ನ ಮೇಲೆ ದೂರಿದೆಯೆಂದು ನೆನಪಾದರೆ ಕಾಣಿಕೆಯನ್ನು ಬಲಿಪೀಠದ ಮುಂದೆಯೇ ಬಿಟ್ಟು ಹೋಗೆಂದು ಮತ್ತಾಯನ ಐದನೆಯ ಅಧ್ಯಾಯ ಹೇಳುತ್ತದೆ. ಕಾಣಿಕೆಯನ್ನು ಅವನ ಮನೆಗೆ ಕಳುಹಿಸಿಕೊಡೆಂದು ಹೇಳುವುದಿಲ್ಲ. ಮಾರ್ಕನ ಮೊದಲ ಅಧ್ಯಾಯದಲ್ಲಿ ಯೇಸುಸ್ವಾಮಿ ಕುಷ್ಠರೋಗಿಯನ್ನು ಕೈಚಾಚಿ ಮುಟ್ಟಿದ್ದನ್ನೂ ಇದರ ಪಕ್ಕದಲ್ಲಿಟ್ಟು ಓದಬೇಕು. ನೊಂದವರ ಬಾಗಿಲಿಗೆ ಅಪರಾಧಿಯು ಕೂಡಲೇ ಹೋಗಿ ನಿಲ್ಲಬೇಕೆಂದು ನಾವು ಹೇಳುತ್ತಿಲ್ಲ. ಸಭಾಪಾಲನೆಯ ಅನುಭವವುಳ್ಳವರಿಗೆ ಅದು ಎರಡನೆಯ ಹಿಂಸೆಯಾಗಬಲ್ಲದೆಂದು ಗೊತ್ತು. ಅವಳಿಗೆ ಏನು ಬೇಕೆಂದು ಕೇಳುವವರೇ ಇಲ್ಲದಿರುವುದು ನಮ್ಮ ಆಕ್ಷೇಪ.

ಕಾದಂಬರಿಯು ಈ ಲೆಕ್ಕವನ್ನು ಮರೆಯುವುದಿಲ್ಲ. ಎರಡನೆಯ ಸಂಪುಟದಲ್ಲಿ ಆ ನಾಡಿನಲ್ಲಿ ನಲವತ್ತು ವರ್ಷ ಕಳೆದಿರುತ್ತದೆ. ನಾಡಿನ ಅಧಿನಾಯಕಿಯಾಗಿರುವ ಎಲೆನಾ ಆ ಅತ್ಯಾಚಾರದಿಂದ ಹುಟ್ಟಿದ ಮಗಳು. ಮೂರನೆಯದರಲ್ಲಿ ಲೀನಾ ಮುದುಕಿ, ಚಿತ್ತ ಕದಡಿದವಳು. ಅವನು ತನ್ನ ಪ್ರಿಯನೆಂದು ನಂಬಿ ಕಾಯುತ್ತಿರುವವಳು. ಇಷ್ಟು ವರ್ಷಗಳ ಕುದುರೆಗಳು ಅವಳ ಭ್ರಮೆಯನ್ನು ಪೋಷಿಸಿದ್ದವೇ ಹೊರತು ಗಾಯವನ್ನು ಮಾಯಿಸಿರಲಿಲ್ಲ. ತಪ್ಪು ಮಾಡಿದ ವೀರನ ಹಿಂದೆ ನಡೆಯುತ್ತ ಇಷ್ಟು ದೂರ ಅವನಿಗೆ ಬಾಕಿಯ ಚೀಟಿ ತೋರಿಸುವ ಸಾಹಸಕಥೆ ಅಪರೂಪ. ಬಾನ್‌ಹಾಫರ್ ‘ಅಗ್ಗದ ಕೃಪೆ’ಯೆಂದು ಕರೆದದ್ದನ್ನು ಡೊನಾಲ್ಡ್‌ಸನ್ ಮಾರುವುದಿಲ್ಲ.

ಆದರೂ ಮುಚ್ಚಿದವರ ದೂರು ಪೂರ್ತಿಯಾಗಿ ತೀರದು. ಲೀನಾಳ ಹುಚ್ಚನ್ನೂ ಸಾವನ್ನೂ ನಾವು ನೋಡುವುದು ಅವನ ಅಪರಾಧಪ್ರಜ್ಞೆಯ ಕನ್ನಡಿಯಲ್ಲಿ. ಅವಳು ಕೋಪಿಸಿಕೊಳ್ಳಲು ಕಥೆಯಲ್ಲಿ ಎಡೆಯಿಲ್ಲ. ಆ ಕೋಪವನ್ನು ತಾಯಿ ಹೊರಬೇಕು, ತಂದೆ ಹೊರಬೇಕು, ಅವಳನ್ನು ಪ್ರೀತಿಸಿದ ಟ್ರಯಕ್ ಹೊರಬೇಕು. ಕೋಪವನ್ನು ಅವಳಿಂದ ಕಸಿದು ಭ್ರಮೆಯ ಪ್ರೀತಿಯನ್ನು ಕೊಟ್ಟದ್ದು ನಾಯಕನಲ್ಲ, ಲೇಖಕರು. ಇದನ್ನು ಕಾದಂಬರಿಯ ದೊಡ್ಡ ದೋಷವೆಂದು ನಾವು ಎಣಿಸುತ್ತೇವೆ.

ಮೂರನೆಯ ಸಂಪುಟದ ಆರಂಭವನ್ನು ತರಗತಿಯಲ್ಲಿ ಎರಡು ಸಲ ಓದಿದೆವು. ನಾಡನ್ನು ಕಾಪಾಡಲು ಬಾ ಎಂಬ ಕರೆ ಬಂದಿದೆ. ಅದೇ ಹೊತ್ತಿನಲ್ಲಿ ತನ್ನ ಲೋಕದ ಕಾಡಿನಲ್ಲಿ ಪುಟ್ಟ ಹುಡುಗಿಯೊಬ್ಬಳನ್ನು ಹಾವು ಕಚ್ಚಿದೆ. ಕವೆನೆಂಟನು ಕರೆಯನ್ನು ನಿರಾಕರಿಸಿ, ಬಾಯಿಂದ ವಿಷ ಹೀರಿ ಅವಳನ್ನು ಉಳಿಸುತ್ತಾನೆ. ಇಲ್ಲಿ ಕುದುರೆಯಿಲ್ಲ, ಬೇರೆಯವರ ಕಾಲಿಲ್ಲ. ಊರು ಮುಟ್ಟಲೊಲ್ಲದ ಅವನ ದೇಹವೇ ಇದೆ. ದಾವೀದನನ್ನು ಉದಾಹರಿಸಿದ್ದ ಸೋದರನಿಗೆ ಗಂಟಲು ಕಟ್ಟಿತು. ಸೋದರಿಯು ಈ ಪುಟಗಳಿಗಾಗಿ ಪುಸ್ತಕವನ್ನು ಮತ್ತೆ ಕೈಗೆತ್ತಿಕೊಂಡಿದ್ದಳು. ಓದಿ ಮುಗಿಸಿ, ಚೆನ್ನಾಗಿದೆ ಎಂದು ಒಪ್ಪಿದಳು. ಆಮೇಲೆ, ‘ಆದರೆ ಈ ಹುಡುಗಿ ಲೀನಾ ಅಲ್ಲ’ ಎಂದಳು. ಆ ದಿನ ತರಗತಿಯ ಗಂಟೆ ಬಾರಿಸುವವರೆಗೂ ಯಾರೂ ಅದಕ್ಕೆ ಉತ್ತರ ಕೊಡಲಿಲ್ಲ, ನಾವೂ ಕೊಡಲಿಲ್ಲ.