ಹಲಗಲಿಯ ಲಾವಣಿಯೂ ನಾಡಿನ ನೆನಪೂ

ಮುಧೋಳ ಸೀಮೆಯ ಹಲಗಲಿಯ ಬೇಡರನ್ನು ಕುರಿತ ಲಾವಣಿಯು ಈಗ ಶಾಲೆಯ ಹುಡುಗರಿಗೂ ಪರಿಚಿತವಾಗಿದೆ. ಅದನ್ನು ಭರತಖಂಡದ ಸ್ವಾತಂತ್ರ್ಯ ಸಂಗ್ರಾಮದ ಒಂದು ಅಧ್ಯಾಯವೆಂದು ಕೊಂಡಾಡುವದು ರೂಢಿ. ಕೊಂಡಾಟವು ತಪ್ಪಲ್ಲ; ಆದರೆ ಕೊಂಡಾಡುವವರಲ್ಲಿ ಪದವನ್ನು ಕೊನೆಯವರೆಗೆ ಕಿವಿಗೊಟ್ಟು ಕೇಳಿದವರು ವಿರಳ.

1857ರಲ್ಲಿ ಉತ್ತರ ಹಿಂದುಸ್ಥಾನದ ದಂಗೆಯಿಂದ ಬೆದರಿದ ಕುಂಪಣಿ ಸರಕಾರವು ಜನರ ಆಯುಧಗಳನ್ನು ಕಸಿದುಕೊಳ್ಳುವ ಕಾಯಿದೆಯನ್ನು ಹೊರಡಿಸಿತು. ಬೇಡರಿಗೆ ಆಯುಧವೆಂದರೆ ಅಲಂಕಾರವಲ್ಲ, ಅನ್ನ. ಅನ್ನಕ್ಕಿಂತಲೂ ಹೆಚ್ಚಾಗಿ ಮಾನ. ಹಲಗಲಿಯವರು ಕೊಡಲೊಲ್ಲೆವೆಂದರು. ನವೆಂಬರದ ಕೊನೆಯಲ್ಲಿ ದಂಡು ಊರಮೇಲೆ ಬಿದ್ದಿತು, ಬೆಂಕಿ ಹಚ್ಚಿತು. ಡಿಸೆಂಬರದಲ್ಲಿ ಮುಧೋಳದಲ್ಲಿ ಕೆಲವರನ್ನೂ ಹಲಗಲಿಯಲ್ಲಿಯೇ ಕೆಲವರನ್ನೂ, ಒಟ್ಟು 19 ಜನರನ್ನು ಗಲ್ಲಿಗೇರಿಸಿದರು.

ಲಾವಣಿಕಾರನ ಕಣ್ಣು ದಿಲ್ಲಿಯ ಸಿಂಹಾಸನದ ಮೇಲಿಲ್ಲ, ಹಲಗಲಿಯ ಅಗಸೆಯ ಮೇಲಿದೆ. ಹುಕುಮು ವಿಲಾಯತಿಯಿಂದ ಬಂದಿತೆಂಬಷ್ಟು ಅವನಿಗೆ ಗೊತ್ತು, ಅಷ್ಟೇ ಸಾಕು. ಹನುಮ, ಬಾಲ, ಜಡಗ, ರಾಮ ಎಂದು ನೆರೆಮನೆಯವರನ್ನು ಕರೆದಂತೆ ಹೆಸರು ಹೇಳುತ್ತಾನೆ. ಕಾದಾಟ ಮುಗಿದ ಬಳಿಕ, ಬೇರೊಬ್ಬ ಕವಿಯಾದರೆ ದೇವತೆಗಳಿಂದ ಹೂಮಳೆ ಕರೆಯಿಸುವ ಎಡೆಯಲ್ಲಿ, ಇವನು ಲೂಟಿಯಾದ ಒಡವೆಗಳ ಯಾದಿಯನ್ನು ಹಾಡುತ್ತಾನೆ. ಅಡಿಗೆಮನೆಯ ಉಪ್ಪು, ಎಣ್ಣೆ, ಬೆಲ್ಲ ಹೋದವು; ಹೆಂಗಸರ ಮಂಗಳಸೂತ್ರ ಹೋಯಿತು; ಬೀಸುವ ಕಲ್ಲನ್ನು ಸಹ ಬಿಡಲಿಲ್ಲ. ವೀರರಸವನ್ನೇ ಅರಸುವವರಿಗೆ ಇದು ಕಿರಾಣಿ ಅಂಗಡಿಯ ಪಟ್ಟಿಯಂತೆ ಕಂಡೀತು. ಆದರೆ ಪದದ ಪ್ರಾಣವಿರುವದು ಇಲ್ಲಿಯೇ. ಬೀಸುವ ಕಲ್ಲನ್ನು ಹೊತ್ತೊಯ್ದ ಸಿಪಾಯಿಗೆ ಅದರಿಂದ ಬರುವ ಲಾಭವೇನು? ನಸುಕಿನಲ್ಲಿ ಜೋಳ ಬೀಸುವ ಸಪ್ಪಳವಿಲ್ಲದ ಊರಿಗೆ ನಾಳೆಯೆಂಬುದೇ ಇಲ್ಲ. ಕಳೆದುದನ್ನು ಎಣಿಸುವ ನೆವದಿಂದ ಲಾವಣಿಕಾರನು ಬರಬೇಕಾಗಿದ್ದ ದಿನಗಳನ್ನು ಎಣಿಸಿದ್ದಾನೆ.

ಇದರ ಪಕ್ಕದಲ್ಲಿ 1917ರ ‘ಕರ್ನಾಟಕ ಗತವೈಭವ’ವನ್ನು ಇಟ್ಟು ನೋಡಬೇಕು. ಆಲೂರ ವೆಂಕಟರಾಯರು ಅದನ್ನು ಬರೆದಾಗ ಕನ್ನಡ ಸೀಮೆಯು ಹರಿದು ಹಂಚಿಹೋಗಿತ್ತು. ಜಮಖಂಡಿ ಪಟವರ್ಧನರದು, ಮುಧೋಳ ಘೋರ್ಪಡೆಯವರದು, ಬೀಳಗಿ ಇಂಗ್ರೇಜರ ವಿಜಾಪುರ ಜಿಲ್ಲೆಯದು. ನಾಡಿನ ಹೆಸರನ್ನೇ ಮರೆತಿದ್ದ ಜನಕ್ಕೆ ಪುಲಕೇಶಿ, ನೃಪತುಂಗರ ನೆನಪು ಸಂಜೀವನವಾಯಿತು. 1956ರ ಏಕೀಕರಣಕ್ಕೆ ಬೇಕಾದ ಕನಸು ಬಹುಮಟ್ಟಿಗೆ ಅಲ್ಲಿಂದಲೇ ಮೊಳೆತಿತು. ಆ ಋಣವನ್ನು ಅಲ್ಲಗಳೆಯುವವನು ಕೃತಘ್ನ. ಆದರೂ ಅರಸರ ದಿಗ್ವಿಜಯವೊಂದೇ ನಾಡಿನ ನೆನಪಾದರೆ, ನಾಡಿನ ಭವಿಷ್ಯವೂ ಇನ್ನೊಂದು ಸಿಂಹಾಸನದ ರೂಪದಲ್ಲಿಯೇ ಕಾಣುವದು. ರಬಕವಿ-ಬನಹಟ್ಟಿಯ ನೇಕಾರನ ಮಗ್ಗಕ್ಕೆ ಆ ಚಿತ್ರದಲ್ಲಿ ಜಾಗವೆಲ್ಲಿ? ಹಲಗಲಿಯ ಪದದಂಥ ನೆನಪಿನಲ್ಲಿ ಆ ಮಗ್ಗಕ್ಕೆ ಸಹಜವಾಗಿಯೇ ಜಾಗವುಂಟು.

ಆಸ್ಥಾನಕವಿಗಳೂ ಈ ಸತ್ಯಕ್ಕೆ ತೀರ ಹೊರಗಾದವರಲ್ಲ. 949ರಲ್ಲಿ ಇದೇ ಮುಧೋಳದ ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನನು ತನ್ನೊಡೆಯ ಸತ್ಯಾಶ್ರಯನನ್ನು ಭೀಮನೊಡನೆ ಒಂದುಮಾಡಿ ‘ಗದಾಯುದ್ಧ’ವನ್ನು ರಚಿಸಿದನು. ಗೆದ್ದವನ ಕೀರ್ತಿಗೆಂದು ಹೊರಟ ಆ ಕಾವ್ಯದಲ್ಲಿ ವಾಚಕನ ಎದೆಯಲ್ಲಿ ಉಳಿಯುವವನು, ಹೆಣಗಳ ನಡುವೆ ತಮ್ಮನನ್ನೂ ಕರ್ಣನನ್ನೂ ನೆನೆದು ಮರುಗುವ ಸೋತ ದುರ್ಯೋಧನನು.

ಲಾವಣಿಯು ನಿರ್ದೋಷವೆಂದಲ್ಲ. ಹಾಡಿಕೆಗೆ ಕಟ್ಟಿದ ಪದವಾದುದರಿಂದ ಪ್ರಾಸಕ್ಕಾಗಿ ಎಳೆತಂದ ಮಾತುಗಳುಂಟು. ಕಾಳಗದ ಕ್ರಮವೂ ಅಲ್ಲಲ್ಲಿ ಗೋಜಲು. ಅದನ್ನು ಬರೆದಿಡಿಸಿ ‘ಇಂಡಿಯನ್ ಆ್ಯಂಟಿಕ್ವರಿ’ಯಲ್ಲಿ ಇಂಗ್ಲಿಷ್ ಅನುವಾದದೊಡನೆ ಅಚ್ಚುಮಾಡಿಸಿದವರು ಫ್ಲೀಟ್ ಸಾಹೇಬರು, ಹಲಗಲಿಯನ್ನು ಸುಟ್ಟ ಆಂಗ್ಲ ಆಳಿಕೆಯ ಅಧಿಕಾರಿಯ ಕೈಯಿಂದಲೇ ಹಲಗಲಿಯ ಪದವು ಉಳಿದು ಬಂದುದು ವಿಚಿತ್ರ. ಊರು ಬೂದಿಯಾಗಿ ಗುರುತೂ ಇಲ್ಲದಂತಾಯಿತೆಂದು ಹಾಡಿ, ಕುರ್ತಕೋಟಿಯ ಕಲ್ಮೇಶನನ್ನು ನೆನೆದು ಲಾವಣಿಕಾರನು ಪದವನ್ನು ಮುಗಿಸುತ್ತಾನೆ. ಆ ಊರು ಮುಧೋಳ ತಾಲೂಕಿನಲ್ಲಿ ಇಂದಿಗೂ ಇದೆ.