ವ್ಯಾಲೇಸ್ ಎಳೆದ ಎರಡು ಗೆರೆಗಳು

ಆಲ್‌ಫ್ರೆಡ್ ರಸೆಲ್ ವ್ಯಾಲೇಸ್‌ನ ‘ದಿ ಮಲಯ್ ಆರ್ಕಿಪೆಲಗೊ’ (1869) ಪುಸ್ತಕವನ್ನು ಪ್ರವಾಸಕಥನ ಎಂದು ಕರೆಯುವುದು ರೂಢಿ. ಹಾಗೆಂದುಕೊಂಡು ಓದಲು ಕೂತರೆ ಬೇಗ ತಲೆ ಕೆಡುತ್ತದೆ. ಬೋರ್ನಿಯೊ ಅಧ್ಯಾಯ 1854ರಲ್ಲಿ ಶುರುವಾಗುತ್ತದೆ, ಜಾವಾಕ್ಕೆ ಬಂದರೆ 1861, ಅಲ್ಲಿಂದ ಬಾಲಿಗೆ ಹೋದರೆ ಮತ್ತೆ 1856! ಎಂಟು ವರ್ಷ, ಸುಮಾರು 14,000 ಮೈಲಿ, ಅರವತ್ತು ಎಪ್ಪತ್ತು ಪ್ರಯಾಣ. ಇದನ್ನೆಲ್ಲ ದಿನಚರಿಯ ಕ್ರಮದಲ್ಲಿ ಬರೆಯದೆ ದ್ವೀಪಸಮೂಹಗಳ ಕ್ರಮದಲ್ಲಿ ಜೋಡಿಸಿದ್ದಾನೆ. ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಶೀಟನ್ನು ದಿನಾಂಕದ ಬದಲು ಸ್ಥಳದ ಕಾಲಮ್ಮಿನ ಮೇಲೆ ಸಾರ್ಟ್ ಮಾಡಿದ್ದಾನೆ. ಕಥನದ ಓಟ ಇದರಿಂದ ಕುಂಟುತ್ತದೆ, ನಿಜ. ಆದರೆ ಪುಸ್ತಕದ ವಾದ ಇರುವುದೇ ಆ ಜೋಡಣೆಯಲ್ಲಿ.

ಸ್ಥಳದ ಬಗ್ಗೆ ಈ ಹಟ ಅವನಿಗೆ ಮೊದಲೇ ಇತ್ತು. ಅಮೆಜಾನ್‌ನಲ್ಲಿ ನಾಲ್ಕು ವರ್ಷ ಸಂಗ್ರಹಿಸಿದ್ದರಲ್ಲಿ ದೊಡ್ಡ ಪಾಲು 1852ರಲ್ಲಿ ಹಡಗಿಗೆ ಬೆಂಕಿ ಬಿದ್ದು ಸುಟ್ಟುಹೋಯಿತು. ಲಂಡನ್ನಿಗೆ ಬಂದವನು ಅದೇ ವರ್ಷ ಅಮೆಜಾನಿನ ಕೋತಿಗಳ ಮೇಲೆ ಪ್ರಬಂಧ ಓದಿದ. ಮ್ಯೂಸಿಯಮ್ಮಿನ ಚೀಟಿಗಳಲ್ಲಿ ಬರೀ ದೇಶದ ಹೆಸರಿರುತ್ತದೆ, ನದಿಯ ಯಾವ ದಡ ಎಂದು ಯಾರೂ ಬರೆಯುವುದಿಲ್ಲ ಎಂಬುದು ಅದರಲ್ಲಿನ ದೂರು. ಡಾರ್ವಿನ್ ಕೂಡ 1835ರಲ್ಲಿ ಗ್ಯಾಲಪಾಗೋಸ್‌ನ ಗುಬ್ಬಿಯಂಥ ಹಕ್ಕಿಗಳನ್ನು ದ್ವೀಪವಾರು ವಿಂಗಡಿಸಿರಲಿಲ್ಲ. ಡೇಟಾ ಮೈಗ್ರೇಶನ್ ಮಾಡಿದ ಯಾರಿಗಾದರೂ ಈ ಸಂಕಟ ಗೊತ್ತು: ಲಕ್ಷ ಸಾಲುಗಳಿವೆ, ಎಲ್ಲಿಂದ ಬಂದವು ಎಂಬ ಒಂದು ಕಾಲಮ್ ಖಾಲಿ.

ಬಾಲಿ–ಲೊಂಬೊಕ್ ಪುಟಗಳು ಪುಸ್ತಕದ ಜೀವ. ಸಿಂಗಾಪುರದಿಂದ ಮಕಾಸ್ಸರ್‌ಗೆ ನೇರ ಹಡಗು ಸಿಗದೆ ಹೋದದ್ದರಿಂದಲೇ 1856ರ ಜೂನ್‌ನಲ್ಲಿ ಆತ ಬಾಲಿಯಲ್ಲಿ ಇಳಿದ. ಅಲ್ಲಿ ಕಂಡದ್ದು ಗೀಜಗ, ಕುಟ್ರುಹಕ್ಕಿ, ಮರಕುಟಿಗ. ಒಟ್ಟಿನಲ್ಲಿ ನಮ್ಮೂರ ಹಕ್ಕಿಗಳ ನೆಂಟರು. ಕಿರಿದಾದ ಜಲಸಂಧಿ ದಾಟಿ ಲೊಂಬೊಕ್‌ಗೆ ಹೋದರೆ, ಮೂರು ತಿಂಗಳು ಇದ್ದರೂ ಬಾಲಿಯಲ್ಲಿ ಕಂಡ ಆ ಹಕ್ಕಿಗಳಲ್ಲಿ ಒಂದೂ ಕಾಣಲಿಲ್ಲ. ಬದಲಿಗೆ ಬಿಳಿ ಕಾಕಟೂಗಳು. ತರಗೆಲೆ ಗುಡ್ಡೆ ಹಾಕಿ ಮೊಟ್ಟೆ ಹೂತು, ಕಾವು ಕೊಡುವ ಕೆಲಸ ಗುಡ್ಡೆಗೇ ಬಿಡುವ ಮೆಗಾಪೋಡ್‌ಗಳು. ಅವು ಆಸ್ಟ್ರೇಲಿಯಾದ ಕಡೆಯವು. ಮಳೆ, ಮಣ್ಣು, ಬಿಸಿಲು ಎರಡೂ ಕಡೆ ಹೆಚ್ಚುಕಡಿಮೆ ಒಂದೇ. ಹಾಗಾದರೆ ಪ್ರಾಣಿ ಎಲ್ಲಿದೆ ಎಂಬುದನ್ನು ಹವಾಮಾನವೊಂದೇ ತೀರ್ಮಾನಿಸುವುದಿಲ್ಲ, ನೆಲದ ಚರಿತ್ರೆಯೂ ತೀರ್ಮಾನಿಸುತ್ತದೆ. ಅವನ ಕಾಲಕ್ಕೆ ಇದು ಸಣ್ಣ ಮಾತಲ್ಲ.

ಪಶ್ಚಿಮದ ದ್ವೀಪಗಳ ನಡುವಿನ ಸಮುದ್ರ ಆಳವಿಲ್ಲದ್ದು, ಹಿಂದೆ ಅವು ಏಷ್ಯಾಕ್ಕೆ ಕೂಡಿಕೊಂಡಿದ್ದವು ಎಂದು ಆತ ಊಹಿಸಿದ್ದು ಸರಿ. ಕಾರಣ ಮಾತ್ರ ಅವನಿಗೆ ಸಿಕ್ಕಿರಲಿಲ್ಲ. ನೆಲ ಕುಸಿಯಿತು ಎಂದುಕೊಂಡ. ಹಿಮಯುಗದಲ್ಲಿ ಸಮುದ್ರ ಸುಮಾರು 120 ಮೀಟರ್ ಇಳಿದಾಗ ಬಾಲಿ ಜಾವಾಕ್ಕೆ ಅಂಟಿಕೊಂಡಿತು, ಲೊಂಬೊಕ್ ಜಲಸಂಧಿ ಆಗಲೂ ಬತ್ತಲಿಲ್ಲ ಎಂಬುದು ಆಮೇಲಿನ ತಿಳಿವಳಿಕೆ. ಭೂಫಲಕಗಳ ಚಲನೆಯಂತೂ ಇನ್ನೂ ಆಮೇಲಿನದು. ಸುಲಾವೆಸಿಯ ಮುಂದೆ ಆತ ತಡವರಿಸುವುದು ಇದಕ್ಕೇ. ಕೋರೆ ಮೇಲಕ್ಕೆ ತಿರುಗಿದ ಬಾಬಿರೂಸ ಹಂದಿ, ಕುಳ್ಳ ಎಮ್ಮೆಯಂಥ ಅನೋವ – ಇವು ಯಾವ ಕಡೆಯವು? ಗೆರೆಯ ಪೂರ್ವಕ್ಕಿಟ್ಟ ದ್ವೀಪವನ್ನು 1910ರಲ್ಲಿ ಪಶ್ಚಿಮಕ್ಕೆ ಸರಿಸಿದ. ಆ ತಡವರಿಕೆ ನನಗೆ ಇಷ್ಟ. ಹಕ್ಕಿಗಳ ಉದ್ದುದ್ದ ಲ್ಯಾಟಿನ್ ಪಟ್ಟಿಗಳನ್ನು ಹಾರಿಸಿ ಓದಿದರೂ ನಷ್ಟವಿಲ್ಲ. ಸಸ್ಯಗಳ ವಿಷಯದಲ್ಲಿ ಈ ಗೆರೆ ಇಷ್ಟು ಗಟ್ಟಿಯಲ್ಲ ಎಂಬುದು ಮಾತ್ರ ನೆನಪಿರಲಿ.

ನನ್ನ ತಕರಾರು ಎರಡನೆಯ ಗೆರೆಯ ಬಗ್ಗೆ. ಪುಸ್ತಕದ ಕೊನೆಯ ಅಧ್ಯಾಯ ಮನುಷ್ಯರದು. ಮಲಯರು ಒಂದು ಕಡೆ, ಪಾಪುವನ್ನರು ಇನ್ನೊಂದು ಕಡೆ. ಪ್ರಾಣಿಗಳ ಗೆರೆಗಿಂತ ಸ್ವಲ್ಪ ಪೂರ್ವಕ್ಕೆ ಇನ್ನೊಂದು ಗೆರೆ. ಮನುಷ್ಯನಿಗೆ ದೋಣಿಯಿದೆ, ಅದಕ್ಕೇ ಎರಡೂ ಗೆರೆ ಕೂಡುವುದಿಲ್ಲ ಎಂದು ಒಪ್ಪುತ್ತಾನೆ. ಆದರೂ ಗೆರೆ ಬಿಡುವುದಿಲ್ಲ. ಆಧಾರವೇನು? ಮೈಕಟ್ಟು, ಕೂದಲು, ಮತ್ತೆ ಸ್ವಭಾವ. ಮಲಯ ಮಿತಭಾಷಿ, ಸಂಕೋಚದವ, ಪಾಪುವನ್ ಗದ್ದಲದವ. ಕೇ ದ್ವೀಪದಲ್ಲಿ ದೋಣಿಯಲ್ಲಿ ಹಾಡುತ್ತಾ ಕೂಗುತ್ತಾ ಬಂದವರನ್ನು ನೋಡಿ ಐದು ನಿಮಿಷದೊಳಗೆ ತನ್ನ ಅಭಿಪ್ರಾಯ ಖಚಿತವಾಯಿತೆಂದು ಅವನೇ ಬರೆಯುತ್ತಾನೆ. ಕುಟ್ರುಹಕ್ಕಿ ಇಲ್ಲವೆನ್ನಲು ಮೂರು ತಿಂಗಳು, ಜನಾಂಗಕ್ಕೆ ಐದು ನಿಮಿಷ! ಪಾಪುವನ್ನರನ್ನೂ ಪಾಲಿನೇಷಿಯನ್ನರನ್ನೂ ಒಟ್ಟಿಗೆ ಸೇರಿಸಿ, ಮುಳುಗಿಹೋದ ಪೆಸಿಫಿಕ್ ನೆಲವೊಂದನ್ನು ಅವರಿಗೆ ತವರಾಗಿ ಕಲ್ಪಿಸಿದ. ಇಂದಿನ ಭಾಷಾವಿಜ್ಞಾನದಲ್ಲಿ ಮಲಯ್ ಮತ್ತು ಹವಾಯಿ ಭಾಷೆಗಳು ಒಂದೇ ಆಸ್ಟ್ರೊನೇಷಿಯನ್ ಕುಟುಂಬದವು. ಗೆರೆ ಕಡಿದದ್ದು ನೆಂಟರನ್ನೇ.

ಕಾಲದ ದೋಷ ಎಂದು ಇದನ್ನು ಬಿಟ್ಟುಬಿಡಲು ನನಗೆ ಮನಸ್ಸಿಲ್ಲ, ಏಕೆಂದರೆ ಈ ಬಗೆಯ ಗೆರೆ ಇನ್ನೂ ಚಾಲ್ತಿಯಲ್ಲಿದೆ. ಪುಣೆಯ ಮೀಟಿಂಗ್ ರೂಮುಗಳಲ್ಲಿ ಟೀಮ್ ಹಂಚುವಾಗ “ಸೌತ್‌ನವರು ಶಾಂತ, ಜಗಳಕ್ಕೆ ಬರಲ್ಲ” ಎಂಬ ಮಾತು ಎಷ್ಟು ಸಲ ಕೇಳಿಲ್ಲ! ಹೊಗಳಿಕೆಯ ಧಾಟಿಯಲ್ಲೇ ಬರುತ್ತದೆ. (ಬೆಳಗಾವಿಯ ನನ್ನ ಗೆಳೆಯ ಅದನ್ನು ಕೇಳಿ ಅಲ್ಲೇ ಜಗಳಕ್ಕೆ ನಿಂತದ್ದುಂಟು.) ಅದೇ ಅಧ್ಯಾಯದ ಕೊನೆಗೆ ಆತ ಇಂಗ್ಲೆಂಡಿನ ನಾಗರಿಕತೆಯನ್ನೇ ಅನಾಗರಿಕ ಎಂದು ಜರೆಯುವುದು ಇನ್ನೂ ಗೊಂದಲ ಹುಟ್ಟಿಸುತ್ತದೆ. ಮನಸ್ಸು ದೊಡ್ಡದಿತ್ತು, ಪುರಾವೆಯ ಶಿಸ್ತು ಮನುಷ್ಯರವರೆಗೆ ಬರಲಿಲ್ಲ.

ಇನ್ನು ಅಲಿ. ಸರವಾಕ್‌ನಲ್ಲಿ ಅಡುಗೆಗೆಂದು ಸೇರಿದ ಹುಡುಗ, ಕೋವಿ ಹೊಡೆಯಲು, ಚರ್ಮ ಸುಲಿಯಲು ಕಲಿತ. ವ್ಯಾಲೇಸ್ ಕೊಡುವ ಒಟ್ಟು ಲೆಕ್ಕ 1,25,660 ಮಾದರಿಗಳು. ಅದರಲ್ಲಿ ಅಲಿಯ ಪಾಲೆಷ್ಟು ಎಂಬ ಕಾಲಮ್ ಇಲ್ಲ. 1858ರಲ್ಲಿ ಬಚಾನ್ ದ್ವೀಪದಲ್ಲಿ ವಿಜ್ಞಾನಕ್ಕೆ ಹೊಸದಾದ ಸ್ವರ್ಗಪಕ್ಷಿಯನ್ನು ತಂದವನು ಅಲಿ ಎಂದು ವ್ಯಾಲೇಸ್ ಪ್ರಾಮಾಣಿಕವಾಗಿ ಬರೆದಿದ್ದಾನೆ. ಲಂಡನ್ನಿನಲ್ಲಿ ಅದಕ್ಕೆ ಇಟ್ಟ ಹೆಸರು ‘ವ್ಯಾಲೇಸಿಯೈ’. ಕನ್ನಡದ ಓದುಗನಿಗೆ ಇಲ್ಲಿ ತೇಜಸ್ವಿಯವರ ‘ಕರ್ವಾಲೊ’ (1980) ನೆನಪಾಗದೆ ಇರದು. ಅಲ್ಲಿ ಹಾರುವ ಓತಿಯ ಜಾಡು ಮಂದಣ್ಣನದು. ವಿಜ್ಞಾನಿಗೆ ಅದು ಗೊತ್ತು, ಕಾದಂಬರಿಗೂ ಗೊತ್ತು. ಆ ಓತಿಯ ಕುಲದ ಹೆಚ್ಚಿನ ಪ್ರಭೇದಗಳಿರುವುದು ವ್ಯಾಲೇಸ್ ಅಲೆದ ಆಗ್ನೇಯ ಏಷ್ಯಾದಲ್ಲೇ, ನಮ್ಮ ಘಟ್ಟದಲ್ಲಿರುವುದು ದೂರ ಉಳಿದ ಒಂದು ಕವಲು ಎಂಬುದನ್ನು ತಿಳಿದು ಎರಡೂ ಪುಸ್ತಕಗಳನ್ನು ಒಟ್ಟಿಗೆ ಓದಬಹುದು.

ವ್ಯಾಲೇಸ್‌ನ ಪುಸ್ತಕ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಬಾಲಿ, ಲೊಂಬೊಕ್, ಬಚಾನ್, ಆರು ದ್ವೀಪಗಳ ಅಧ್ಯಾಯ ಮೊದಲು ಓದಿ, ಜನಾಂಗಗಳದ್ದು ಕೊನೆಗಿರಲಿ. ಅಲಿಯ ಫೋಟೊ ಬೇಕಿದ್ದವರು ಮಾತ್ರ 1905ರ ಆತ್ಮಕಥೆ ‘ಮೈ ಲೈಫ್’ ತೆರೆಯಬೇಕು.