ಡಿಕನ್ಸ್ ಸುಟ್ಟದ್ದು, ಸಂಪಾದಕರು ಉಳಿಸಿದ್ದು

1860ರ ಸೆಪ್ಟೆಂಬರ್‌ನಲ್ಲಿ ಚಾರ್ಲ್ಸ್ ಡಿಕನ್ಸ್ ಗ್ಯಾಡ್ಸ್ ಹಿಲ್ ಮನೆಯ ಹಿಂದಿನ ಬಯಲಲ್ಲಿ, ಎರಡು ದಶಕಗಳಿಂದ ತನಗೆ ಬಂದ ಕಾಗದಗಳನ್ನು ಬುಟ್ಟಿಗಟ್ಟಲೆ ತರಿಸಿ ಬೆಂಕಿಗೆ ಹಾಕಿದ. ಮಕ್ಕಳು ಅದರ ಬೂದಿಯಲ್ಲಿ ಈರುಳ್ಳಿ ಸುಟ್ಟುಕೊಂಡರು. ಆದರೆ ಅವನು ಬರೆದ ಕಾಗದಗಳಿದ್ದದ್ದು ಊರವರ ಪೆಟ್ಟಿಗೆಗಳಲ್ಲಿ. ಅಲ್ಲಿಗೆ ಅವನ ಕಡ್ಡಿಪೆಟ್ಟಿಗೆ ತಲುಪಲಿಲ್ಲ.

ಉಳಿದವನ್ನು ಮೊದಲು ಕೈಗೆತ್ತಿಕೊಂಡವರೆಲ್ಲ ಆಪ್ತರೇ. ಗೆಳೆಯ ಜಾನ್ ಫಾರ್ಸ್ಟರ್ ಜೀವನಚರಿತ್ರೆಗಾಗಿ ತನಗೆ ಬಂದ ಕಾಗದಗಳನ್ನು ಕತ್ತರಿಸಿ ಹಸ್ತಪ್ರತಿಗೆ ಅಂಟಿಸಿದ. ನಾದಿನಿ ಜಾರ್ಜಿನಾ ಮತ್ತು ಮಗಳು ಮೇಮಿ 1880ರಿಂದ ತಂದ ಮೂರು ಸಂಪುಟಗಳಲ್ಲಿ ಮನೆತನಕ್ಕೆ ಮುಜುಗರವಾಗುವುದೆಲ್ಲ ಮಾಯ. ಪ್ರೀತಿಯಿಂದ ಮಾಡಿದ ಕೆಲಸವೇ ಸರಿ, ಆದರೆ ಪ್ರೀತಿಯ ಕತ್ತರಿಯೂ ಕತ್ತರಿಯೇ.

ಆಕ್ಸ್‌ಫರ್ಡಿನ ಪಿಲ್‌ಗ್ರಿಮ್ ಆವೃತ್ತಿ ಈ ಕತ್ತರಿಯನ್ನು ಕೆಳಗಿಟ್ಟಿತು. ಮೊದಲ ಸಂಪುಟ ಬಂದದ್ದು 1965ರಲ್ಲಿ, ಹನ್ನೆರಡನೆಯದು 2002ರಲ್ಲಿ. ಮೆಡಲಿನ್ ಹೌಸ್, ಗ್ರಹಾಂ ಸ್ಟೋರಿ, ಕ್ಯಾಥಲೀನ್ ಟಿಲಟ್ಸನ್ ಮೊದಲಾದವರು ಸೇರಿ 14,000ಕ್ಕೂ ಹೆಚ್ಚು ಕಾಗದಗಳನ್ನು ಅಚ್ಚಿಗಿಳಿಸಿದರು. ಊಟಕ್ಕೆ ಕರೆದ ಎರಡು ಸಾಲಿನ ಚೀಟಿಯೂ ಅದರಲ್ಲಿದೆ. ಓದುತ್ತ ಆಕಳಿಕೆ ಬರುತ್ತದೆ, ನಿಜ. ಆದರೂ ಯಾವುದು ಮುಖ್ಯ ಎಂದು ನಮ್ಮ ಪರವಾಗಿ ತೀರ್ಮಾನಿಸದ ಸಂಪಾದಕರನ್ನೇ ನಾನು ನಂಬುತ್ತೇನೆ. ಇಡೀ ಕೆಲಸದ ಜೀವ ಇರುವುದು ಅಡಿಟಿಪ್ಪಣಿಗಳಲ್ಲಿ. ಎದುರಿನವರ ಕಾಗದಗಳು ಬೂದಿಯಾದ್ದರಿಂದ ಸಂಪುಟಗಳ ತುಂಬ ಕೇಳುವುದು ಡಿಕನ್ಸ್‌ನ ದನಿಯೊಂದೇ. ಅದಕ್ಕೆ ಉತ್ತರ ಕೊಡುವವರು, ಒಮ್ಮೊಮ್ಮೆ ಅಡ್ಡ ಬಾಯಿ ಹಾಕುವವರು, ಟಿಪ್ಪಣಿಕಾರರು.

1856ರಿಂದ 1858ರವರೆಗಿನ ಎಂಟನೆಯ ಸಂಪುಟದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಇಪ್ಪತ್ತೆರಡು ವರ್ಷ ಬಾಳಿದ ಹೆಂಡತಿ ಕ್ಯಾಥರೀನಳಿಂದ ಅವನು ಬೇರೆಯಾದ ಕಾಲವದು. ಅವಳನ್ನು ದೂರಿ ಬರೆದ ಕಾಗದವನ್ನು ತನ್ನ ವ್ಯವಹಾರ ನೋಡುತ್ತಿದ್ದ ಆರ್ಥರ್ ಸ್ಮಿತ್‌ನ ಕೈಗಿತ್ತು, ಬೇಕಾದವರಿಗೆ ತೋರಿಸು ಎಂದ. ಅದು ನ್ಯೂಯಾರ್ಕಿನ ಪತ್ರಿಕೆಯಲ್ಲಿ ಅಚ್ಚಾದಾಗ ತನಗೆ ಅನ್ಯಾಯವಾಯಿತೆಂದು ಗೋಳಾಡಿದ. ಎರಡು ವರ್ಷದ ಮೇಲೆ ಬೆಂಕಿ ಹೊತ್ತಿಸಿದವನೂ ಇವನೇ. ಖಾಸಗಿತನ ಅವನಿಗೆ ಬೇಕಿತ್ತು, ತನಗೆ ಅನುಕೂಲವಾದಾಗ. ಕ್ಯಾಥರೀನ್ ಮಾತ್ರ ಗಂಡನ ಕಾಗದಗಳನ್ನು ಜೋಪಾನವಾಗಿಟ್ಟಳು. ಅವನು ಒಮ್ಮೆ ತನ್ನನ್ನು ಪ್ರೀತಿಸಿದ್ದನೆಂದು ಲೋಕಕ್ಕೆ ತಿಳಿಯಲಿ ಎಂದು ಸಾಯುವ ಮುನ್ನ ಮಗಳು ಕೇಟಿಗೆ ಒಪ್ಪಿಸಿದಳು. ಅವು ಬ್ರಿಟಿಷ್ ಮ್ಯೂಸಿಯಂ ಸೇರಿದವು. ಅವನ ಆಪ್ತ ಗೆಳತಿ, ನಟಿ ಎಲೆನ್ ಟೆರ್ನನ್‌ಗೆ ಅವನು ಬರೆದದ್ದಂತೂ ಒಂದೂ ಸಿಕ್ಕಿಲ್ಲ. ಹನ್ನೆರಡು ಸಂಪುಟಗಳ ದೊಡ್ಡ ಖಾಲಿ ಜಾಗ ಅದೇ.

ಸತ್ತವನ ಇಚ್ಛೆ ಮೀರಿದ್ದು ತಪ್ಪಲ್ಲವೇ? ನನ್ನ ಮಟ್ಟಿಗೆ ಅಲ್ಲ. ಕಾಗದ ಪಡೆದವರಿಗೂ ಒಂದು ಪಾಲಿದೆ, ಕ್ಯಾಥರೀನಳಿಗೆ ಎಲ್ಲರಿಗಿಂತ ಹೆಚ್ಚು. ನನ್ನ ತಕರಾರು ಬೇರೆ: ಇಷ್ಟು ದುಬಾರಿ ಹೊತ್ತಗೆಗಳು ಗ್ರಂಥಾಲಯದ ಕಪಾಟು ದಾಟುವುದಿಲ್ಲ. ಸಾಮಾನ್ಯ ಓದುಗರು ಜೆನ್ನಿ ಹಾರ್ಟ್ಲಿ 2012ರಲ್ಲಿ ಆರಿಸಿ ಕೊಟ್ಟ 450 ಕಾಗದಗಳ ಒಂದೇ ಸಂಪುಟದಿಂದ ಶುರುಮಾಡಲಿ. ಆಮೇಲೆ ಗ್ರಂಥಾಲಯಕ್ಕೆ ಹೋಗಿ ಎಂಟನೆಯದನ್ನು ಕೇಳಿ, ಅಡಿಟಿಪ್ಪಣಿಗಳನ್ನು ಬಿಡದೆ ಓದಿ.